ಶುಲ್ಕ, ಕಾಣಿಕೆ ಮತ್ತು ಪರವೂರಿನ ಮಗು: ನ್ಯೂಜಿಲೆಂಡಿನ ಪ್ರೌಢಶಾಲೆಗಳಲ್ಲಿ ವಿದೇಶಿ ವಿದ್ಯಾರ್ಥಿಗಳ ಚರಿತ್ರೆ

ವಿದ್ಯೆಯನ್ನು ಅರಸಿ ಮನೆ ಬಿಟ್ಟುಹೋದ ಮಕ್ಕಳ ಕಥನಗಳು ಬಹುತೇಕ ಎಲ್ಲ ಜನಸಮುದಾಯಗಳಲ್ಲಿಯೂ ದೊರೆಯುತ್ತವೆ. ನಮ್ಮ ಜಾನಪದ ಅಧ್ಯಯನವು ಗುಳೆ ಹೋದವರ ಹಾಡುಗಳನ್ನು ಸಂಗ್ರಹಿಸಿದೆ, ತವರು ಬಿಟ್ಟು ಹೋಗುವ ಹೆಣ್ಣುಮಗಳನ್ನು ಒಪ್ಪಿಸಿಕೊಡುವ ಹಾಡುಗಳನ್ನು ಸಂಗ್ರಹಿಸಿದೆ. ಆದರೆ ಓದಿಗಾಗಿ ಹನ್ನೆರಡು ಹದಿನಾಲ್ಕರ ಪ್ರಾಯದಲ್ಲಿಯೇ ಸಮುದ್ರ ದಾಟಿ, ಪೂರ್ಣ ಶುಲ್ಕವನ್ನು ತೆತ್ತು, ಗುರುತಿಲ್ಲದವರ ಮನೆಯಲ್ಲಿ ಉಂಡು ಮಲಗಿ ಬೆಳೆಯುವ ಮಗುವಿನ ಕಡೆಗೆ ಅದು ಇನ್ನೂ ತಿರುಗಿ ನೋಡಿಲ್ಲ. ಇದು ಅರ್ಥಶಾಸ್ತ್ರದ ಅಥವಾ ಶಿಕ್ಷಣಶಾಸ್ತ್ರದ ವಿಷಯವೆಂದು ನಾವು ಬಿಟ್ಟುಕೊಟ್ಟಿದ್ದೇವೆ. ವಾಸ್ತವದಲ್ಲಿ ಆತಿಥ್ಯ, ಕಾಣಿಕೆ, ಋಣ, ಮನೆ, ಪರಕೀಯತೆ ಎಂಬ ಜಾನಪದದ ಮೂಲ ಪರಿಕಲ್ಪನೆಗಳೆಲ್ಲ ಇಲ್ಲಿ ಒಂದೇ ಕಡೆ ಸೇರಿಕೊಂಡಿವೆ. ಸರ್ಕಾರಿ ಪ್ರೌಢಶಾಲೆಗಳಲ್ಲಿಯೇ ಈ ವ್ಯವಸ್ಥೆಯನ್ನು ಕಾನೂನುಬದ್ಧವಾಗಿ, ವ್ಯಾಪಕವಾಗಿ ಕಟ್ಟಿದ ದೇಶಗಳಲ್ಲಿ ನ್ಯೂಜಿಲೆಂಡ್ ಪ್ರಮುಖವಾದುದು. ಆದುದರಿಂದ ಪ್ರಸ್ತುತ ಪ್ರಬಂಧದಲ್ಲಿ ಆ ದೇಶದ ನಿದರ್ಶನವನ್ನು ಮುಖ್ಯವಾಗಿ ಪರಿಶೀಲಿಸಲಾಗಿದೆ.

ಮೊದಲಿಗೆ ಒಂದು ತಪ್ಪುಕಲ್ಪನೆಯನ್ನು ದೂರಮಾಡಿಕೊಳ್ಳಬೇಕು. ವಿದ್ಯೆಗೆ ಹಣ ತೆರುವುದು ಆಧುನಿಕ ಮಾರುಕಟ್ಟೆಯ ಕೊಡುಗೆ, ಹಿಂದಿನದೆಲ್ಲ ದಾನವೇ ಆಗಿತ್ತು ಎಂಬ ಮಾತು ಪೂರ್ಣ ಸತ್ಯವಲ್ಲ. ನಮ್ಮ ಕೂಲಿಮಠಗಳ ಹೆಸರಿನಲ್ಲಿಯೇ 'ಕೂಲಿ' ಇದೆ. ಥಾಮಸ್ ಮನ್ರೋ 1822ರಲ್ಲಿ ಆಜ್ಞಾಪಿಸಿದ ಸಮೀಕ್ಷೆಗೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಸಲ್ಲಿಸಿದ ವರದಿಯಲ್ಲಿ ಆ ಜಿಲ್ಲೆಯ 533 ಶಾಲೆಗಳು, 6,641 ವಿದ್ಯಾರ್ಥಿಗಳು ದಾಖಲಾಗಿದ್ದಾರೆ. ಅವುಗಳಲ್ಲಿ 235 ಕನ್ನಡ ಶಾಲೆಗಳು. ಪಾಲಕರು ತಮ್ಮ ಸ್ಥಿತಿಗತಿಗೆ ತಕ್ಕಂತೆ ಐಗಳಿಗೆ ತಿಂಗಳಿಗಿಷ್ಟೆಂದು ಕೊಡುತ್ತಿದ್ದರೆಂಬುದೂ ಅದೇ ವರದಿಯಲ್ಲಿದೆ. ಅಂದರೆ ಪಾಠಕ್ಕೆ ಬೆಲೆಯಿತ್ತು. ಬೆಲೆ ಇಲ್ಲದಿದ್ದುದು ಅನ್ನಕ್ಕೆ. ಪರವೂರಿನಿಂದ ಓದಲು ಬಂದ ಹುಡುಗನಿಗೆ ವಾರಾನ್ನದ ಮನೆಗಳಿದ್ದವು, ಮಠಗಳ ಪ್ರಸಾದ ನಿಲಯಗಳಿದ್ದವು. ಈ ಏರ್ಪಾಟು ಜಾತಿಯ ಗೆರೆಯೊಳಗೇ ನಡೆಯುತ್ತಿದ್ದುದರಿಂದ ಅದನ್ನು ಆದರ್ಶವೆಂದು ಕೊಂಡಾಡುವ ಅಗತ್ಯವಿಲ್ಲ; ವಾರಾನ್ನದ ಹುಡುಗರ ಹಸಿವು, ಅವಮಾನಗಳೂ ನಮ್ಮ ಆತ್ಮಕಥೆಗಳಲ್ಲಿ ಸಾಕಷ್ಟು ಬಂದಿವೆ. ನಾನು ಹೇಳಹೊರಟಿರುವುದು ಇಷ್ಟೆ: ಪಾಠದ ಬೆಲೆ ಮತ್ತು ಅನ್ನದ ಋಣ ಎರಡೂ ಬೇರೆಬೇರೆಯಾಗಿದ್ದವು. ನ್ಯೂಜಿಲೆಂಡಿನ ಚರಿತ್ರೆಯಲ್ಲಿ ಇವೆರಡೂ ಒಂದೇ ರಸೀದಿಯಲ್ಲಿ ಸೇರಿಕೊಂಡುದನ್ನು ಮುಂದೆ ಕಾಣುತ್ತೇವೆ.

ಮಕ್ಕಳನ್ನು ಪರದೇಶದ ಮನೆಗಳಲ್ಲಿರಿಸಿ ಓದಿಸಿದ ಮೊದಮೊದಲ ದೊಡ್ಡ ಪ್ರಯೋಗಗಳಲ್ಲಿ ಚೀನಾದ ಚಿಂಗ್ ಪ್ರಭುತ್ವದ ಪ್ರಯೋಗವೂ ಒಂದು. 1872ರಿಂದ 1875ರವರೆಗೆ ವರ್ಷಕ್ಕೆ ಮೂವತ್ತರಂತೆ 120 ಬಾಲಕರನ್ನು ಅಮೆರಿಕೆಗೆ ಕಳುಹಿಸಲಾಯಿತು. ಯುಂಗ್ ವಿಂಗ್ ಇದರ ಪ್ರೇರಕ. ಬಾಲಕರು ಕನೆಕ್ಟಿಕಟ್ ಮತ್ತು ಮೆಸಾಚುಸೆಟ್ಸ್ ಸೀಮೆಯ ಕುಟುಂಬಗಳಲ್ಲಿ ತಂಗಿ ಶಾಲೆಗೆ ಹೋದರು. ವೆಚ್ಚವೆಲ್ಲ ಅರಮನೆಯದು. ಆದರೆ ಮಕ್ಕಳು ಜಡೆ ಕತ್ತರಿಸಿಕೊಳ್ಳತೊಡಗಿದರು, ಚರ್ಚಿಗೆ ಹೋಗತೊಡಗಿದರು ಎಂಬ ದೂರುಗಳು ಬೀಜಿಂಗನ್ನು ತಲುಪಿದವು. 1881ರಲ್ಲಿ ಎಲ್ಲರನ್ನೂ ಹಿಂದಕ್ಕೆ ಕರೆಸಲಾಯಿತು. ಮುಂದೆ ಬೀಜಿಂಗ್–ಝಾಂಗ್‌ಜಿಯಾಕೌ ರೈಲುಮಾರ್ಗವನ್ನು ಕಟ್ಟಿದ ಝಾನ್ ಟಿಯಾನ್‌ಯೌ ಈ ಬಾಲಕರಲ್ಲೊಬ್ಬರು. ಆತಿಥೇಯರ ಮನೆಯು ಮಗುವಿಗೆ ಭಾಷೆಯನ್ನಷ್ಟೇ ಕಲಿಸುವುದಿಲ್ಲ, ಮಗುವನ್ನೇ ತನ್ನದಾಗಿ ಮಾಡಿಕೊಳ್ಳುತ್ತದೆ ಎಂಬ ಭಯ ಅಂದಿನದು. ಇಂದಿನ ಪಾಲಕರಲ್ಲಿಯೂ ಅದು ಉಳಿದುಬಂದಿದೆ.

ನ್ಯೂಜಿಲೆಂಡಿನ ಶಿಕ್ಷಣ ಪರಂಪರೆಯು ಸಮಾನತೆಯ ನೆಲೆಯ ಮೇಲೆ ಬೆಳೆದುದು. 1877ರ ಕಾಯಿದೆಯು ಪ್ರಾಥಮಿಕ ಶಿಕ್ಷಣವನ್ನು ಉಚಿತ, ಕಡ್ಡಾಯ ಮತ್ತು ಧರ್ಮನಿರಪೇಕ್ಷವನ್ನಾಗಿ ಮಾಡಿತು. 1936ರಲ್ಲಿ ಅರ್ಹತಾ ಪರೀಕ್ಷೆಯನ್ನು ರದ್ದುಗೊಳಿಸಿ ಪ್ರೌಢಶಾಲೆಯ ಬಾಗಿಲನ್ನು ಎಲ್ಲ ಮಕ್ಕಳಿಗೂ ತೆರೆಯಲಾಯಿತು. 1939ರಲ್ಲಿ ಶಿಕ್ಷಣ ಸಚಿವರಾಗಿದ್ದ ಪೀಟರ್ ಫ್ರೇಸರ್ ತಮ್ಮ ವಾರ್ಷಿಕ ವರದಿಯಲ್ಲಿ, ಬಡವನಾಗಲಿ ಬಲ್ಲಿದನಾಗಲಿ, ಹಳ್ಳಿಯವನಾಗಲಿ ಪಟ್ಟಣದವನಾಗಲಿ, ಪ್ರತಿಯೊಬ್ಬನಿಗೂ ತನ್ನ ಶಕ್ತಿಗೆ ಒಪ್ಪುವ ಉಚಿತ ಶಿಕ್ಷಣವು ಹಕ್ಕಾಗಿ ದೊರೆಯಬೇಕೆಂಬ ನಿಲುವನ್ನು ಪ್ರಕಟಿಸಿದರು. ಅದನ್ನು ಬರೆದುಕೊಟ್ಟವರು ಶಿಕ್ಷಣತಜ್ಞ ಕ್ಲಾರೆನ್ಸ್ ಬೀಬಿ. ಆ ದೇಶದ ಶಾಲಾ ಚರಿತ್ರೆಯಲ್ಲಿ ಇದು ಶಾಸನಪ್ರಾಯವಾದ ಮಾತು. ಮುಂದೆ ನಡೆದುದನ್ನೆಲ್ಲ ಈ ಮಾತಿನ ಪಕ್ಕದಲ್ಲಿಟ್ಟು ನೋಡಬೇಕು.

ಹೊರದೇಶದ ವಿದ್ಯಾರ್ಥಿಗಳು ಅಲ್ಲಿಗೆ ಮೊದಲು ಬಂದುದು ಗಿರಾಕಿಗಳಾಗಿ ಅಲ್ಲ. 1950ರ ಜನವರಿಯಲ್ಲಿ ಕೊಲಂಬೊದಲ್ಲಿ ಸೇರಿದ ಕಾಮನ್‌ವೆಲ್ತ್ ವಿದೇಶಾಂಗ ಸಚಿವರ ಸಭೆಯಲ್ಲಿ ರೂಪುಗೊಂಡ ಕೊಲಂಬೊ ಯೋಜನೆಯಡಿ ಏಷ್ಯಾದ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ನೀಡಿ ಕರೆಸಿಕೊಳ್ಳಲಾಗುತ್ತಿತ್ತು. (ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸ್ಥಾಪನೆಗೆ ನ್ಯೂಜಿಲೆಂಡ್ ನೆರವು ನೀಡಿದುದೂ ಇದೇ ಯೋಜನೆಯಡಿಯಲ್ಲಿ ಎಂಬುದನ್ನು ಇಲ್ಲಿ ಸ್ಮರಿಸಬಹುದು.) ಇವರಲ್ಲದೆ ಸ್ವಂತ ಖರ್ಚಿನಲ್ಲಿ ಬಂದವರೂ ಇದ್ದರು. 1971ರಲ್ಲಿ ಮಲೇಷ್ಯಾವು ಹೊಸ ಆರ್ಥಿಕ ನೀತಿಯನ್ನು ಜಾರಿಗೆ ತಂದು ಉನ್ನತ ಶಿಕ್ಷಣದಲ್ಲಿ ಮಲಯರಿಗೆ ಪ್ರಾಶಸ್ತ್ಯ ನೀಡಿದಾಗ, ಅಲ್ಲಿಯ ಚೀನೀ ಮೂಲದ ಕುಟುಂಬಗಳು ಮಕ್ಕಳನ್ನು ಹೊರಗೆ ಕಳುಹಿಸುವ ದಾರಿ ಹುಡುಕಿದವು. ಪ್ರೌಢಶಾಲೆಯ ಕೊನೆಯ ವರ್ಷಗಳನ್ನು ನ್ಯೂಜಿಲೆಂಡಿನಲ್ಲಿ ಮುಗಿಸಿ ಅಲ್ಲಿಯೇ ವಿಶ್ವವಿದ್ಯಾಲಯ ಸೇರುವುದು ಅಂಥ ದಾರಿಗಳಲ್ಲೊಂದು.

ಗಾಳಿ ತಿರುಗಿದುದು ಮೊದಲು ಬ್ರಿಟನ್ನಿನಲ್ಲಿ. 1967ರಲ್ಲಿ ಅಲ್ಲಿಯ ಸರ್ಕಾರವು ವಿಶ್ವವಿದ್ಯಾಲಯಗಳಲ್ಲಿ ಸ್ವದೇಶಿಗಳಿಗೆ 70 ಪೌಂಡು, ವಿದೇಶಿಗಳಿಗೆ 250 ಪೌಂಡು ಎಂದು ಭೇದ ಮಾಡಿತು. 1979ರಲ್ಲಿ ಅಧಿಕಾರಕ್ಕೆ ಬಂದ ಥ್ಯಾಚರ್ ಸರ್ಕಾರ ವಿದೇಶಿಗಳು ಪೂರ್ಣ ವೆಚ್ಚವನ್ನೇ ಭರಿಸಬೇಕೆಂದಿತು. ಆಸ್ಟ್ರೇಲಿಯಾ 1980ರಿಂದ ವಿದೇಶಿ ವಿದ್ಯಾರ್ಥಿಗಳ ಮೇಲೆ ವಿಶೇಷ ಶುಲ್ಕ ವಿಧಿಸಿತು. 1984ರಲ್ಲಿ ಅಲ್ಲಿ ಎರಡು ವರದಿಗಳು ಬಂದವು. ಗೋಲ್ಡ್ರಿಂಗ್ ಸಮಿತಿಯು ಪರಸ್ಪರ ಹಿತವನ್ನು ಮುಂದಿಟ್ಟರೆ, ಜ್ಯಾಕ್ಸನ್ ಸಮಿತಿಯು ಶಿಕ್ಷಣವನ್ನು ರಫ್ತು ಉದ್ಯಮವಾಗಿ ಬೆಳೆಸಬೇಕೆಂದಿತು. ಗೆದ್ದುದು ಎರಡನೆಯ ವರದಿ.

ನ್ಯೂಜಿಲೆಂಡಿನಲ್ಲಿ 1984ರಲ್ಲಿ ಅಧಿಕಾರಕ್ಕೆ ಬಂದ ಡೇವಿಡ್ ಲ್ಯಾಂಗಿ ನೇತೃತ್ವದ ಲೇಬರ್ ಸರ್ಕಾರ ಸಮಾಜವಾದಿ ಪಕ್ಷದ್ದೇ ಆಗಿದ್ದರೂ ಅರ್ಥವ್ಯವಸ್ಥೆಯನ್ನು ಮಾರುಕಟ್ಟೆಗೆ ತೆರೆಯಿತು. 1988ರಲ್ಲಿ ಪಿಕಾಟ್ ಸಮಿತಿಯ ವರದಿ, ಅದರ ಬೆನ್ನಿಗೇ 'ನಾಳಿನ ಶಾಲೆಗಳು' ಎಂಬ ನೀತಿ ಬಂದವು. 1989ರ ಅಕ್ಟೋಬರ್ 1ರಿಂದ ಹಳೆಯ ಪ್ರಾದೇಶಿಕ ಶಿಕ್ಷಣ ಮಂಡಳಿಗಳು ಇಲ್ಲವಾಗಿ, ಪ್ರತಿಯೊಂದು ಶಾಲೆಯನ್ನೂ ಪಾಲಕರೇ ಆರಿಸಿದ ಆಡಳಿತ ಮಂಡಳಿಯ ಕೈಗೆ ಒಪ್ಪಿಸಲಾಯಿತು. ಶಾಲೆಗೆ ಸ್ವಾತಂತ್ರ್ಯ ಬಂದಿತು. ಸ್ವಾತಂತ್ರ್ಯದ ಜೊತೆಗೆ ಖರ್ಚುವೆಚ್ಚ ಸರಿದೂಗಿಸುವ ಹೊಣೆಯೂ ಬಂದಿತು. ಅದೇ ವರ್ಷದ ಶಿಕ್ಷಣ ಕಾಯಿದೆಯು ಸರ್ಕಾರಿ ಶಾಲೆಗಳು ಪೂರ್ಣ ಶುಲ್ಕ ಪಡೆದು ವಿದೇಶಿ ಮಕ್ಕಳನ್ನು ಸೇರಿಸಿಕೊಳ್ಳಬಹುದೆಂದು ಅನುಮತಿಸಿತು.

ಕಾಯಿದೆಯ ಷರತ್ತುಗಳು ಗಮನಾರ್ಹವಾಗಿವೆ. ವಿದೇಶಿ ಮಗುವಿಗೆ ಪ್ರವೇಶವು ಹಕ್ಕಲ್ಲ, ಮಂಡಳಿಯ ಸಮ್ಮತಿಗೆ ಒಳಪಟ್ಟದ್ದು. ಆ ಮಗುವಿನಿಂದಾಗಿ ಸ್ವದೇಶಿ ಮಗುವೊಂದು ಸ್ಥಳ ಕಳೆದುಕೊಳ್ಳಕೂಡದು. ಶುಲ್ಕವು ಪಾಠದ ವೆಚ್ಚಕ್ಕೂ ಕಟ್ಟಡ ಮೊದಲಾದವುಗಳ ಬಳಕೆಯ ವೆಚ್ಚಕ್ಕೂ ಕಡಿಮೆಯಾಗಕೂಡದು. ಅಂದರೆ ಸ್ವದೇಶದ ತೆರಿಗೆದಾರನ ಹಣ ಪರದೇಶದ ಮಗುವಿಗೆ ಸೋರಿಹೋಗದಂತೆ ಕಟ್ಟೆ ಹಾಕಲಾಯಿತು. ಕೆಳಗಿನ ಮಿತಿಯಿತ್ತು, ಮೇಲಿನ ಮಿತಿಯಿರಲಿಲ್ಲ. ವೆಚ್ಚ ಕಳೆದು ಉಳಿದುದು ಶಾಲೆಯದೇ. 2000ದ ಆಸುಪಾಸಿನಲ್ಲಿ ಪ್ರೌಢಶಾಲೆಯೊಂದರ ವಾರ್ಷಿಕ ಶುಲ್ಕ ಸುಮಾರು ಹತ್ತು ಸಾವಿರ ನ್ಯೂಜಿಲೆಂಡ್ ಡಾಲರುಗಳಷ್ಟಿತ್ತು. ವಸತಿಯ ಖರ್ಚು ಬೇರೆ.

ಇದೇ ಕಾಲದಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಒಂದು ಬೆಳವಣಿಗೆಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. 1989ರ ಜೂನ್ 5ರಂದು ಕರ್ನಾಟಕ ಸರ್ಕಾರವು ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ನಿಗದಿಪಡಿಸಿತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಶಿಕ್ಷಣವು ಹಕ್ಕೆಂದು ಸಾರಿತು. 1993ರ ಮತ್ತು 2002ರ ತೀರ್ಪುಗಳು ಆ ನಿಲುವನ್ನು ಬಹಳಷ್ಟು ಮಾರ್ಪಡಿಸಿದವು. 2005ರ ತೀರ್ಪು ಅನಿವಾಸಿ ಭಾರತೀಯರಿಗೆ ಶೇ. 15ರವರೆಗೆ ಸೀಟುಗಳನ್ನು ಮೀಸಲಿಡಲು ಅವಕಾಶ ಕೊಟ್ಟಿತು. ದೂರದಿಂದ ಬಂದವನು ಹೆಚ್ಚು ತೆರಬೇಕೆಂಬ ಲೆಕ್ಕಾಚಾರ ಒಂದೇ ವರ್ಷದಲ್ಲಿ ವೆಲಿಂಗ್ಟನ್ನಿನಲ್ಲಿಯೂ ಬೆಂಗಳೂರಿನಲ್ಲಿಯೂ ಸರ್ಕಾರಿ ಕಾಗದದ ಮೇಲೆ ಮೂಡಿದುದು ಕಾಕತಾಳೀಯವಿರಬಹುದು. ಆ ಕಾಲದ ಮನೋಧರ್ಮವನ್ನು ಅದು ತೋರಿಸುತ್ತದೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಎಲ್ಲ ದೇಶಗಳೂ ಇದೇ ದಾರಿ ಹಿಡಿಯಲಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನವು 1996ರ ಶಾಸನದಲ್ಲಿ ವಿದ್ಯಾರ್ಥಿ ವೀಸಾದ ಮೇಲೆ ಬಂದ ಮಗು ಸರ್ಕಾರಿ ಪ್ರೌಢಶಾಲೆಯಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಓದಕೂಡದು, ಅಷ್ಟು ಕಾಲಕ್ಕೂ ಪೂರ್ಣ ವೆಚ್ಚ ಭರಿಸಬೇಕು ಎಂದು ಕಟ್ಟುಮಾಡಿತು. ಹೀಗಾಗಿ ಅಲ್ಲಿ ಇಂಥ ಮಕ್ಕಳು ಖಾಸಗಿ ಶಾಲೆಗಳ ಕಡೆ ಹರಿದರು. ನ್ಯೂಜಿಲೆಂಡಿನಲ್ಲಿ ನೆರೆಹೊರೆಯ ಸರ್ಕಾರಿ ಶಾಲೆಯೇ ಮಾರುಕಟ್ಟೆಯಾಯಿತು.

ಕಾಯಿದೆಯ ಪರಿಭಾಷೆಯಲ್ಲಿ 'ಸ್ವದೇಶಿ' ಮತ್ತು 'ವಿದೇಶಿ' ಎಂಬ ವಿಂಗಡಣೆ ಮೈಬಣ್ಣದ್ದಲ್ಲ, ಮಾತೃಭಾಷೆಯದ್ದೂ ಅಲ್ಲ. ಪೌರತ್ವ ಮತ್ತು ವೀಸಾಗಳದ್ದು. 1987ರ ವಲಸೆ ಕಾಯಿದೆಯ ನಂತರ ಹಾಂಗ್‌ಕಾಂಗ್, ತೈವಾನ್, ಕೊರಿಯಾಗಳಿಂದ ಬಂದು ನೆಲೆಸಿದ ಕುಟುಂಬಗಳ ಮಕ್ಕಳು ಸ್ವದೇಶಿಗಳು. ಆಕ್ಲೆಂಡಿನಲ್ಲಿ ಕಾಯಂ ನಿವಾಸದ ಹಕ್ಕು ಪಡೆದು ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಸ್ವದೇಶಿಗಳೇ. ಭಾರತದಿಂದ ಓದಿಗಾಗಿ ಅಲ್ಲಿಗೆ ಹೋಗುವವರಲ್ಲಿ ಬಹುಪಾಲು ಜನ ಪ್ರೌಢಶಾಲೆಗಲ್ಲ, ಅದರ ಮೇಲಿನ ಹಂತಕ್ಕೆ ಹೋಗುವವರು. ಹೀಗೆ ಒಂದೇ ಬೆಂಚಿನಲ್ಲಿ ಕುಳಿತ, ಒಂದೇ ಭಾಷೆಯಾಡುವ ಇಬ್ಬರು ಕೊರಿಯನ್ ಹುಡುಗಿಯರಲ್ಲಿ ಒಬ್ಬಳ ಓದು ಹಕ್ಕು, ಇನ್ನೊಬ್ಬಳದು ಖರೀದಿ. ಮೊದಮೊದಲು ಕಾಯಿದೆಯು 'ವಿದೇಶಿ ವಿದ್ಯಾರ್ಥಿ' ಎಂದೇ ಕರೆಯುತ್ತಿತ್ತು. ಮುಂದೆ 'ಅಂತರರಾಷ್ಟ್ರೀಯ ವಿದ್ಯಾರ್ಥಿ' ಎಂಬ ಮೆದುವಾದ ಪದ ಬಂದಿತು. ಕನ್ನಡದಲ್ಲಿ 'ಪರದೇಶಿ' ಎಂಬ ಮಾತಿಗೆ ಹೊರನಾಡಿನವನು ಎಂಬ ಅರ್ಥದ ಜೊತೆಗೇ ದಿಕ್ಕಿಲ್ಲದವನು ಎಂಬ ಅರ್ಥವೂ ಇರುವುದನ್ನು ನೆನೆದರೆ, ಹೆಸರು ಬದಲಾಯಿಸಿದ್ದೇಕೆಂದು ಊಹಿಸುವುದು ಕಷ್ಟವಲ್ಲ.

ಈ ಹಣ ಯಾವ ಶಾಲೆಗಳಿಗೆ ಹೋಯಿತು ಎಂಬುದು ಮುಖ್ಯವಾದ ಪ್ರಶ್ನೆ. 1995ರಿಂದ 2022ರ ಕೊನೆಯವರೆಗೆ ನ್ಯೂಜಿಲೆಂಡ್ ತನ್ನ ಶಾಲೆಗಳನ್ನು ಅಲ್ಲಿಯ ಮಕ್ಕಳ ನೆರೆಹೊರೆಯ ಆರ್ಥಿಕ ಸ್ಥಿತಿಯನ್ನು ಆಧರಿಸಿ ಹತ್ತು ಶ್ರೇಣಿಗಳಲ್ಲಿ ವಿಂಗಡಿಸಿತ್ತು. ಒಂದನೆಯ ಶ್ರೇಣಿಯ ಶಾಲೆ ಅತ್ಯಂತ ಬಡ ಮಕ್ಕಳದ್ದು, ಹತ್ತನೆಯದು ಅನುಕೂಲಸ್ಥರದ್ದು. ಕೆಳಗಿನ ಶ್ರೇಣಿಗೆ ಸರ್ಕಾರಿ ಅನುದಾನ ಹೆಚ್ಚು. 2023ರಲ್ಲಿ ಇದರ ಬದಲಿಗೆ ಸಮತಾ ಸೂಚ್ಯಂಕ ಬಂದಿತು. ಶ್ರೇಣಿಯ ಉದ್ದೇಶ ಅನುದಾನದ ಹಂಚಿಕೆ ಮಾತ್ರ, ಗುಣಮಟ್ಟದ ಅಳತೆಯಲ್ಲ. ಆದರೆ ಸೋಲ್ ಅಥವಾ ಶಾಂಘೈಯಲ್ಲಿ ಕುಳಿತ ತಂದೆತಾಯಿಗಳಿಗೆ, ಅವರಿಗೆ ಶಾಲೆ ಹುಡುಕಿಕೊಡುವ ಏಜೆಂಟರಿಗೆ ಅದು ಅಂಕಪಟ್ಟಿಯಂತೆ ಕಂಡಿತು. ಪರಿಣಾಮವಾಗಿ ಶುಲ್ಕ ತೆರುವ ಮಕ್ಕಳು ಆಕ್ಲೆಂಡ್ ಮೊದಲಾದ ನಗರಗಳ ಮೇಲಿನ ಶ್ರೇಣಿಯ ಶಾಲೆಗಳಲ್ಲಿ ದಟ್ಟವಾಗಿ ಸೇರಿದರು. ಬಡ ಶಾಲೆಗೆ ಸರ್ಕಾರ ಕೊಟ್ಟ ಹೆಚ್ಚಿನ ಅನುದಾನವನ್ನು ಸಿರಿವಂತ ಬಡಾವಣೆಯ ಶಾಲೆ ವಿದೇಶಿ ಶುಲ್ಕದಿಂದ ಸರಿಗಟ್ಟಿಕೊಳ್ಳಬಹುದಾಯಿತು. ಅಂಥ ಶಾಲೆಯಲ್ಲಿ ಹೆಚ್ಚುವರಿ ಶಿಕ್ಷಕರು, ಹೊಸ ಕಂಪ್ಯೂಟರುಗಳು, ಬೇರೆಡೆ ನಡೆಸಲಾಗದಂಥ ಸಣ್ಣ ತರಗತಿಗಳು ಬಂದವು. ಇದರ ಪ್ರಯೋಜನ ಸ್ವದೇಶಿ ಮಕ್ಕಳಿಗೂ ಸಿಕ್ಕಿತು ಎಂಬ ಸಮರ್ಥನೆ ಸುಳ್ಳಲ್ಲ. ಯಾವ ಸ್ವದೇಶಿ ಮಕ್ಕಳಿಗೆ ಎಂದು ಕೇಳಿದಾಗ ಮಾತ್ರ ಫ್ರೇಸರ್ ಅವರ 1939ರ ಮಾತು ಮತ್ತೆ ಎದುರಾಗುತ್ತದೆ.

ಈ ಅಸಮತೆಯು ಅತ್ಯಂತ ಸೂಕ್ಷ್ಮವಾಗಿ ಕಾಣುವುದು ಸ್ವಾಗತದ ಆಚರಣೆಯಲ್ಲಿ. ನ್ಯೂಜಿಲೆಂಡಿನ ಅನೇಕ ಪ್ರೌಢಶಾಲೆಗಳು ಹೊಸದಾಗಿ ಬಂದ ವಿದೇಶಿ ಮಕ್ಕಳನ್ನು ಮಾವೊರಿ ಸಂಪ್ರದಾಯದ 'ಪೋಫಿರಿ'ಯ ಮೂಲಕ ಬರಮಾಡಿಕೊಳ್ಳುತ್ತವೆ. ಬಂದವರು 'ಮನುಹಿರಿ', ಅಂದರೆ ಅತಿಥಿಗಳು. ಅವರು ಅಂಗಳದ ಹೊರಗೆ ನಿಲ್ಲುತ್ತಾರೆ. ಆತಿಥೇಯರ ಕಡೆಯ ಹೆಂಗಸೊಬ್ಬಳು 'ಕರಂಗಾ' ಎಂಬ ದೀರ್ಘವಾದ ಕರೆಯನ್ನು ಕೊಡುತ್ತಾಳೆ; ಆ ಕರೆಯಲ್ಲಿ ಎರಡೂ ಕಡೆಯ ಸತ್ತ ಹಿರಿಯರ ಸ್ಮರಣೆಯೂ ಇರುತ್ತದೆ. ಬಳಿಕ ಭಾಷಣಗಳು, ಪ್ರತಿ ಭಾಷಣದ ಹಿಂದೆ ಹಾಡು. ಅನಂತರ ಮೂಗಿಗೆ ಮೂಗು ತಾಗಿಸಿ ಉಸಿರನ್ನು ಹಂಚಿಕೊಳ್ಳುವ 'ಹೋಂಗಿ'. ಕೊನೆಗೆ ಊಟ; ಊಟದಿಂದ ಅತಿಥಿಯ ಸುತ್ತಲಿದ್ದ 'ತಪು', ಅಂದರೆ ನಿಷೇಧದ ಸ್ಥಿತಿ ಕಳೆಯುತ್ತದೆ. ಹೊರಗಿನವನನ್ನು ಒಳಗಿನವನನ್ನಾಗಿ ಮಾಡುವ ವಿಧಿಯಿದು. ಹೊಸ್ತಿಲಲ್ಲಿ ನಿಂತ ಮದುಮಗಳನ್ನು ಮನೆ ತುಂಬಿಸಿಕೊಳ್ಳುವ ನಮ್ಮ ವಿಧಿಯನ್ನು ಬಲ್ಲವರಿಗೆ ಇದರ ರಚನೆ ಅಪರಿಚಿತವಲ್ಲ.

ಈ ಸಂಪ್ರದಾಯದಲ್ಲಿ ಅತಿಥಿಗಳು 'ಕೋಹಾ' ಎಂಬ ಕಾಣಿಕೆಯನ್ನು ಒಪ್ಪಿಸುತ್ತಾರೆ. ಅತಿಥಿಗಳ ಕಡೆಯ ಕೊನೆಯ ಭಾಷಣಕಾರ ಅದನ್ನು ನೆಲದ ಮೇಲಿಡುತ್ತಾನೆ, ಆತಿಥೇಯರು ಎತ್ತಿಕೊಳ್ಳುತ್ತಾರೆ. ಹಿಂದೆ ಅದು ಆಹಾರವೋ ನೇಯ್ದ ವಸ್ತ್ರವೋ ಆಗಿರುತ್ತಿತ್ತು, ಈಗ ಬಹುಮಟ್ಟಿಗೆ ಲಕೋಟೆಯಲ್ಲಿಟ್ಟ ಹಣ. ಹಣವಾದರೂ ಅದು ಬೆಲೆಯಲ್ಲ. ನಮ್ಮ ಮದುವೆಗಳಲ್ಲಿ ಮುಯ್ಯಿ ಓದಿಸುವುದನ್ನು ಇದರೊಡನೆ ಹೋಲಿಸಬಹುದು. ಮುಯ್ಯಿಯನ್ನು ಪಟ್ಟಿಯಲ್ಲಿ ಬರೆದಿಡುತ್ತೇವೆ, ಮುಂದೆ ಅವರ ಮನೆಯ ಮದುವೆಗೆ ಹಿಂದಿರುಗಿಸುತ್ತೇವೆ. ಲೆಕ್ಕವಿದ್ದರೂ ಲೆಕ್ಕ ಚುಕ್ತಾ ಆಗಬಾರದೆಂಬುದೇ ಅದರ ಒಳನಿಯಮ, ಏಕೆಂದರೆ ಚುಕ್ತಾ ಆದರೆ ನಂಟು ಮುಗಿಯಿತು. ಶುಲ್ಕದ ಸ್ವಭಾವ ತದ್ವಿರುದ್ಧ. ವೀಸಾ ದೊರೆಯುವ ಮೊದಲೇ ಅದು ಬ್ಯಾಂಕಿನ ಮೂಲಕ ಸಂದಾಯವಾಗಿರುತ್ತದೆ. ಪೋಫಿರಿಯ ಅಂಗಳಕ್ಕೆ ಅದು ಬರುವುದೇ ಇಲ್ಲ. ಹೀಗೆ ಆಚರಣೆಯು ಮಗುವನ್ನು ಅತಿಥಿಯೆಂದು ಕರೆಯುತ್ತದೆ, ಕಚೇರಿಯ ಕಡತ ಗ್ರಾಹಕನೆಂದು ಬರೆದುಕೊಂಡಿರುತ್ತದೆ.

ಮಾವೊರಿ ಮಕ್ಕಳು ಹೆಚ್ಚಾಗಿ ಕೆಳಗಿನ ಶ್ರೇಣಿಯ ಶಾಲೆಗಳಲ್ಲಿದ್ದರೆಂಬುದನ್ನೂ ಇದಕ್ಕೆ ಸೇರಿಸಿ ನೋಡಬೇಕು. ಆತಿಥ್ಯದ ಸಂಕೇತಗಳು ಅವರ ಸಂಸ್ಕೃತಿಯಿಂದ ಬಂದವು. ಆತಿಥ್ಯದ ಆದಾಯ ಬಹುಪಾಲು ಬೇರೆಡೆಗೆ ಹೋಯಿತು. ಆಚರಣೆ ಬರಿಯ ಪ್ರದರ್ಶನವಾಗಿದೆ ಎಂದು ತೀರ್ಮಾನಿಸಲು ಮಾತ್ರ ನಾನು ಸಿದ್ಧನಿಲ್ಲ. ಊರು ಬಿಟ್ಟು ಬಂದು ನಾಲ್ಕು ದಿನವಾಗಿರುವ ಹದಿನಾಲ್ಕರ ಮಗುವಿಗೆ ನೂರಾರು ಜನ ಎದ್ದು ನಿಂತು ಹಾಡುವುದು ಏನೂ ಅಲ್ಲವೆಂದು ಯಾರು ಹೇಳಬಲ್ಲರು?

ಆಚರಣೆ ಮುಗಿದ ಮೇಲೆ ಮಗು ಹೋಗಬೇಕಾದುದು 'ಹೋಮ್‌ಸ್ಟೇ'ಗೆ. ನಮ್ಮ ಕೊಡಗು, ಚಿಕ್ಕಮಗಳೂರುಗಳಲ್ಲಿ ಈ ಪದಕ್ಕೆ ಪ್ರವಾಸಿಗರ ವಸತಿ ಎಂಬ ಅರ್ಥ ನೆಲೆಯೂರಿದೆ. ನ್ಯೂಜಿಲೆಂಡಿನ ಶಾಲಾ ಬಳಕೆಯಲ್ಲಿ ಅದು ವಾರಕ್ಕಿಷ್ಟೆಂದು ಹಣ ಪಡೆದು ವಿದ್ಯಾರ್ಥಿಯನ್ನು ಇರಿಸಿಕೊಳ್ಳುವ ಕುಟುಂಬ. ಬೆಳಗಿನ ತಿಂಡಿ, ಮಧ್ಯಾಹ್ನದ ಬುತ್ತಿ, ರಾತ್ರಿಯ ಊಟ, ಸ್ವಂತ ಕೋಣೆ ಇವು ಒಪ್ಪಂದದ ಭಾಗ. ಆದರೆ ಮನೆಯೆಂಬುದು ಒಪ್ಪಂದದ ಕಲಮುಗಳಲ್ಲಿ ಅಡಗುವಂಥದಲ್ಲ. ಅನ್ನ ದಿನಕ್ಕೆ ಎಷ್ಟು ಸಲ, ಸ್ನಾನಕ್ಕೆ ಎಷ್ಟು ಹೊತ್ತು, ರಾತ್ರಿ ಅಡುಗೆಮನೆಯ ಕಪಾಟು ತೆರೆಯಬಹುದೇ, ಮನೆಯ ಮಕ್ಕಳನ್ನು ಗದರಿಸುವಂತೆ ಇವನನ್ನೂ ಗದರಿಸಬಹುದೇ? ವಾರಾನ್ನದ ಹುಡುಗನಿಗೆ ತಾನು ಋಣಿಯೆಂಬುದು ಗೊತ್ತಿತ್ತು. ಅದು ಅವನ ಬಾಯಿ ಕಟ್ಟುತ್ತಿತ್ತು. ಹೋಮ್‌ಸ್ಟೇ ಹುಡುಗನಿಗೆ ತಾನು ಹಣ ಕೊಟ್ಟಿರುವುದು ಗೊತ್ತು. ಆದರೂ ಕೇಳಿ ಪಡೆಯುವ ಭಾಷೆ ಅವನ ಬಳಿ ಇಲ್ಲ. ಎರಡು ಕಡೆಯೂ ಮೌನವಿದೆ; ಕಾರಣಗಳು ಬೇರೆ.

1990ರ ದಶಕದಲ್ಲಿ ಈ ವ್ಯವಸ್ಥೆಗೆ ಹೇಳಿಕೊಳ್ಳುವಂಥ ಕಟ್ಟುಪಾಡು ಇರಲಿಲ್ಲ. ದಶಕದ ಕೊನೆಗೆ ಚೀನಾದ ವಿದ್ಯಾರ್ಥಿಗಳ ಮೇಲಿನ ವೀಸಾ ಮಿತಿ ಸಡಿಲಗೊಂಡು ಸಂಖ್ಯೆ ಒಮ್ಮೆಗೇ ಏರಿತು. 2003ರ ಹೊತ್ತಿಗೆ, ನಲವತ್ತು ಲಕ್ಷ ಜನಸಂಖ್ಯೆಯ ಆ ದೇಶದ ಶಾಲೆಗಳಲ್ಲಿದ್ದ ಇಂಥ ಮಕ್ಕಳ ಸಂಖ್ಯೆ ಹತ್ತು ಸಾವಿರವನ್ನು ಮೀರಿತ್ತು. 2002ರಲ್ಲಿ ವಿದೇಶಿ ವಿದ್ಯಾರ್ಥಿಗಳ ಯೋಗಕ್ಷೇಮದ ನೀತಿಸಂಹಿತೆ ಜಾರಿಗೆ ಬಂದಿತು. ಅದರಂತೆ ಹದಿನೆಂಟು ತುಂಬದ ಮಕ್ಕಳ ವಾಸದ ಮನೆಯನ್ನು ಶಾಲೆಯೇ ಪರಿಶೀಲಿಸಬೇಕು, ತಂದೆತಾಯಿಗಳೊಡನೆ ಸಂಪರ್ಕವಿರಿಸಿಕೊಳ್ಳಬೇಕು. ದೂರುಗಳಿಗೆ ಪ್ರತ್ಯೇಕ ಪ್ರಾಧಿಕಾರ. 2003ರಿಂದ ಶಾಲೆಗಳು ತಮ್ಮ ಆದಾಯದಿಂದ ರಫ್ತು ಶಿಕ್ಷಣದ ಸುಂಕವನ್ನು ಕಟ್ಟತೊಡಗಿದವು. 'ರಫ್ತು' ಎಂಬ ಈ ಮಾತನ್ನು ಗಮನಿಸಬೇಕು. 1995ರ ಸೇವಾ ವ್ಯಾಪಾರದ ಒಪ್ಪಂದದ ಪರಿಭಾಷೆಯಲ್ಲಿ ಇದು 'ವಿದೇಶದಲ್ಲಿ ಬಳಕೆ'ಯ ವರ್ಗಕ್ಕೆ ಸೇರುತ್ತದೆ. ಸರಕು ಇದ್ದಲ್ಲಿಯೇ ಇರುತ್ತದೆ. ಗಡಿ ದಾಟುವುದು ಮಗು.

ಗಡಿ ದಾಟಿಸಿದ ಕುಟುಂಬಗಳು ತಮ್ಮ ಸ್ಥಿತಿಗೆ ತಾವೇ ಹೆಸರುಗಳನ್ನು ಕಟ್ಟಿಕೊಂಡವು. ಜಾನಪದ ವಿದ್ಯಾರ್ಥಿಯಾದ ನನಗೆ ಈ ಚರಿತ್ರೆಯ ಅತ್ಯಂತ ಮೌಲಿಕ ದಾಖಲೆಗಳು ಇವೇ. ಕೊರಿಯಾದಲ್ಲಿ ಮಕ್ಕಳನ್ನು ಚಿಕ್ಕ ಪ್ರಾಯದಲ್ಲಿಯೇ ಹೊರಗೆ ಓದಿಸುವುದಕ್ಕೆ 'ಜೋಗಿ ಯುಹಾಕ್' ಎನ್ನುತ್ತಾರೆ. 2006ರಲ್ಲಿ ಇದು ಶಿಖರ ಮುಟ್ಟಿ, ಆ ಒಂದೇ ವರ್ಷ ಸುಮಾರು 29,500 ಮಕ್ಕಳು ದೇಶ ಬಿಟ್ಟರು. ಅನೇಕ ಕುಟುಂಬಗಳಲ್ಲಿ ತಾಯಿ ಮಕ್ಕಳ ಜೊತೆ ಹೋಗುತ್ತಾಳೆ, ತಂದೆ ಸೋಲ್‌ನಲ್ಲಿ ಒಬ್ಬನೇ ಉಳಿದು ದುಡಿದು ಹಣ ಕಳಿಸುತ್ತಾನೆ. ಅವನನ್ನು 'ಗಿರೊಗಿ ಅಪ್ಪ' ಎನ್ನುತ್ತಾರೆ: ಕಾಡುಬಾತಿನ ತಂದೆ. ಕೊರಿಯನ್ನಿನಲ್ಲಿಯೂ ತಂದೆಗೆ ಅಪ್ಪ ಎಂದೇ ಹೇಳುತ್ತಾರೆ. (ಇಂಥ ಸಾಮ್ಯಗಳಿಂದ ಪ್ರೇರಿತರಾಗಿ ಹೋಮರ್ ಹಲ್ಬರ್ಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಬರೆದರು; ಭಾಷಾವಿಜ್ಞಾನಿಗಳು ಆ ಸಂಬಂಧವನ್ನು ಸಾಮಾನ್ಯವಾಗಿ ಒಪ್ಪಿಲ್ಲ.)

ಕಾಡುಬಾತು ಏಕೆ? ಋತುವಿಗೊಮ್ಮೆ ದೂರ ಹಾರಿ ಬರುವ ಹಕ್ಕಿ ಎಂಬುದು ಮೇಲುನೋಟದ ಉತ್ತರ. ಅದಕ್ಕಿಂತ ಆಳದ್ದು ಕೊರಿಯಾದ ಸಾಂಪ್ರದಾಯಿಕ ಮದುವೆಯಲ್ಲಿದೆ. ಅಲ್ಲಿ ವರನು ಮರದ ಕಾಡುಬಾತನ್ನು ತಂದು ವಧುವಿನ ತಾಯಿಯ ಮುಂದಿರಿಸುತ್ತಾನೆ. ಈ ಹಕ್ಕಿ ಜೀವಮಾನದಲ್ಲಿ ಒಂದೇ ಜೋಡಿಯನ್ನು ಕಟ್ಟುತ್ತದೆ ಎಂಬುದು ಜನರ ನಂಬಿಕೆ. ದಾಂಪತ್ಯದ ಅಗಲಿಕೆಯಿಲ್ಲದ ಬಾಳಿಗೆ ಸಂಕೇತವಾಗಿದ್ದ ಹಕ್ಕಿಯೇ ಓದಿಗಾಗಿ ಅಗಲಿದ ದಂಪತಿಗಳ ಹೆಸರಾಯಿತು. ಇದರಲ್ಲಿ ವ್ಯಂಗ್ಯವಿದೆ, ಪ್ರಶಂಸೆಯೂ ಇದೆ. ಹೆಸರು ಅಲ್ಲಿಗೇ ನಿಲ್ಲಲಿಲ್ಲ. ಬೇಕೆಂದಾಗ ವಿಮಾನವೇರುವ ಸಿರಿವಂತ ತಂದೆ 'ಹದ್ದು' ಎನಿಸಿಕೊಂಡ. ಎಲ್ಲ ಹಣವನ್ನೂ ಶುಲ್ಕಕ್ಕೆ ಕಟ್ಟಿ ಟಿಕೆಟ್ಟಿಗೆ ಗತಿಯಿಲ್ಲದವನು 'ಪೆಂಗ್ವಿನ್', ರೆಕ್ಕೆಯಿದ್ದೂ ಹಾರಲಾರದವನು. ವರ್ಗಭೇದವನ್ನು ಇಷ್ಟು ಚುಟುಕಾಗಿ ಹೇಳಿದ ಸಮಾಜಶಾಸ್ತ್ರದ ಗ್ರಂಥವನ್ನು ನಾನು ಓದಿಲ್ಲ.

ಚೀನೀ ಭಾಷೆಯ ಜಾಣ್ಮೆ ಬೇರೆ ಬಗೆಯದು. ಅದು ಸಮೋಚ್ಚಾರದ ಪದಗಳ ಮೇಲೆ ನಿಂತಿದೆ. ಹಾಂಗ್‌ಕಾಂಗ್, ತೈವಾನ್ ಕುಟುಂಬಗಳಲ್ಲಿ ಹೆಂಡತಿ ಮಕ್ಕಳನ್ನು ಹೊರದೇಶದಲ್ಲಿರಿಸಿ ವಿಮಾನದಲ್ಲಿ ಓಡಾಡುವ ಗಂಡಸಿಗೆ 'ತೈಕೊಂಗ್ರೆನ್', ಅಂದರೆ ಗಗನಯಾತ್ರಿ ಎನ್ನುತ್ತಾರೆ. ಅದೇ ಮಾತನ್ನು ಬಿಡಿಸಿದರೆ ಹೆಂಡತಿಯಿಲ್ಲದ ಮನೆಯವನು ಎಂಬ ಧ್ವನಿ ಹೊರಡುತ್ತದೆ. ಓದಿ ಹಿಂದಿರುಗಿದವನು 'ಹೈಗುಯಿ': ಸಾಗರದಿಂದ ಮರಳಿದವನು, ಕಡಲಾಮೆಯೂ ಹೌದು. ಮರಳಿಯೂ ಕೆಲಸ ಸಿಗದೆ ಕಾಯುವವನು 'ಹೈದೈ', ಅಂದರೆ ಕಡಲಪಾಚಿ. ಶುಲ್ಕದ ಹಣ ಫಲ ಕೊಡದೆ ಹೋದ ಕಥೆಯನ್ನು ಈ ಒಂದು ಪದ ಹೇಳಿ ಮುಗಿಸುತ್ತದೆ. ಎಲ್ಲ ಹೆಸರುಗಳೂ ದೊಡ್ಡವರ ಸುತ್ತ, ಅಥವಾ ಓದು ಮುಗಿಸಿ ದೊಡ್ಡವರಾದವರ ಸುತ್ತ ಹೆಣೆದವು. ಹೋಮ್‌ಸ್ಟೇ ಕೋಣೆಯಲ್ಲಿ ಕುಳಿತ ಮಗುವಿಗೆ 'ಪುಟ್ಟ ಪರದೇಶ ವಿದ್ಯಾರ್ಥಿ' ಎಂಬ ಸಪ್ಪೆಯಾದ ಹೆಸರಷ್ಟೇ ದಕ್ಕಿದೆ.

ಶಾಲೆಗಳು ಈ ಆದಾಯಕ್ಕೆ ಎಷ್ಟು ಒಗ್ಗಿಹೋಗಿದ್ದವೆಂಬುದು ಅದು ಕೈತಪ್ಪಿದಾಗಲೆಲ್ಲ ತಿಳಿದುಬಂದಿತು. 1997–98ರ ಏಷ್ಯಾದ ಆರ್ಥಿಕ ಕುಸಿತದಲ್ಲಿ ಕೊರಿಯಾ, ಥಾಯ್ಲೆಂಡುಗಳ ಮಕ್ಕಳು ಕಡಿಮೆಯಾದರು. 2003ರಲ್ಲಿ ಸಾರ್ಸ್ ರೋಗ ಬಂದಿತು. ಕೆಲವು ಖಾಸಗಿ ಸಂಸ್ಥೆಗಳು ದಿಢೀರನೆ ಮುಚ್ಚಿದುದರಿಂದ ಚೀನಾದ ಪಾಲಕರ ವಿಶ್ವಾಸವೂ ಅಲುಗಿತು. 2011ರ ಫೆಬ್ರವರಿ 22ರ ಭೂಕಂಪದ ಬಳಿಕ ಕ್ರೈಸ್ಟ್‌ಚರ್ಚ್ ಸೀಮೆಯ ಶಾಲೆಗಳು ವಿದೇಶಿ ಮಕ್ಕಳನ್ನು ಬಹುವಾಗಿ ಕಳೆದುಕೊಂಡವು. ಅದೇ ವರ್ಷ ಸರ್ಕಾರ ಈ ಉದ್ಯಮವನ್ನು ಬೆಳೆಸಲೆಂದೇ 'ಎಜುಕೇಷನ್ ನ್ಯೂಜಿಲೆಂಡ್' ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಶಿಕ್ಷಕರ ಹುದ್ದೆಯೊಂದು ಸಾವಿರಾರು ಮೈಲಿ ದೂರದ ಷೇರುಪೇಟೆಗೋ ಸಾಂಕ್ರಾಮಿಕಕ್ಕೋ ತಳಕುಹಾಕಿಕೊಂಡಿರುವ ಸ್ಥಿತಿಯನ್ನು 1989ರ ಕಾಯಿದೆಯನ್ನು ಬರೆದವರು ಎಣಿಸಿದ್ದರೆಂದು ತೋರುವುದಿಲ್ಲ.

2020ರ ಮಾರ್ಚ್ 19ರಂದು ನ್ಯೂಜಿಲೆಂಡ್ ತನ್ನ ಗಡಿಯನ್ನು ಮುಚ್ಚಿತು. ಹೊಸ ವಿದ್ಯಾರ್ಥಿಗಳಿಗೆ ಅದು ಪೂರ್ಣವಾಗಿ ತೆರೆದುದು 2022ರ ಜುಲೈ 31ರಂದು. ಈ ನಡುವೆ 1989ರ ಕಾಯಿದೆಯ ಸ್ಥಾನದಲ್ಲಿ 2020ರ ಶಿಕ್ಷಣ ಮತ್ತು ತರಬೇತಿ ಕಾಯಿದೆ ಬಂದಿತು. 2022ರ ಜನವರಿ 1ರಿಂದ ಹೊಸ ಯೋಗಕ್ಷೇಮ ಸಂಹಿತೆ ಜಾರಿಯಾಯಿತು. ಆ ಎರಡು ವರ್ಷ ಹೊಸ ಮಕ್ಕಳಿಲ್ಲದೆ ಶಾಲೆಗಳ ಲೆಕ್ಕಪತ್ರ ಬಡವಾದುದು ಅಧಿಕೃತ ವರದಿಗಳಲ್ಲಿದೆ. ಅಲ್ಲಿಯೇ ಉಳಿದುಬಿಟ್ಟ ಮಕ್ಕಳ ಸಂಗತಿ ವರದಿಗಳಿಗೆ ಸಿಕ್ಕುವಂಥದಲ್ಲ. ರಜೆಗೆ ಊರಿಗೆ ಹೋದರೆ ಮರಳಿ ಬರಲಾಗದೆಂದು ಅವರು ಹೋಗಲಿಲ್ಲ, ತಂದೆತಾಯಿಗಳು ಬರುವಂತಿರಲಿಲ್ಲ. ಒಂದು ವರ್ಷವೆಂದು ಬಂದ ಮನೆಯಲ್ಲಿ ಎರಡು ಮೂರು ಹುಟ್ಟುಹಬ್ಬಗಳು ಕಳೆದವು. ವಾರದ ಹಣ ಬ್ಯಾಂಕಿಗೆ ಬರುತ್ತಲೇ ಇತ್ತು. ಲಾಕ್‌ಡೌನಿನ ದಿನಗಳಲ್ಲಿ ಮನೆಯವರು ಮತ್ತು ಆ ಮಗು ಹೊರಗೆ ಹೆಜ್ಜೆಯಿಡದೆ ಒಂದೇ ಮೇಜಿನ ಸುತ್ತ ಉಂಡರು. ಆ ಮನೆಗಳಲ್ಲಿ ಯಾರು ಯಾರನ್ನು ಏನೆಂದು ಕರೆದರು, ಯಾವ ಅಡುಗೆ ಕಲಿತರು, ಯಾವ ಹಬ್ಬ ಮಾಡಿದರು, ಬೀಳ್ಕೊಡುವಾಗ ಏನು ಕೊಟ್ಟರು ಎಂಬುದನ್ನು ಹೇಳಬಲ್ಲವರು ಈಗ ಇಪ್ಪತ್ತರ ಹರೆಯದಲ್ಲಿದ್ದಾರೆ, ಸೋಲ್‌ನಲ್ಲಿ, ಶಾಂಘೈಯಲ್ಲಿ, ಟೋಕಿಯೋದಲ್ಲಿ, ಕೆಲವರು ಆಕ್ಲೆಂಡಿನಲ್ಲಿಯೇ. ಅವರನ್ನು ಕೇಳುವ ಕೆಲಸ ಆಗಬೇಕಾಗಿದೆ.